ಕೊನೊನೊವ್ ಪ್ರಕರಣ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಹಿಟ್ಲರನ ಸೇನೆಯ ವಿರುದ್ಧ ಹೋರಾಡಿ ಸೋವಿಯತ್ ಒಕ್ಕೂಟದ ಲೆನಿನ್ ಪದಕ ಪಡೆದ ವಾಸಿಲಿ ಕೊನೊನೊವ್ ಅವರನ್ನು ಲಾಟ್ವಿಯಾ ಇಳಿವಯಸ್ಸಿನಲ್ಲಿ ಕಟಕಟೆಗೆ ಎಳೆದದ್ದು ಸೇಡಲ್ಲದೆ ಮತ್ತೇನು ಎಂದು ಕೇಳಿದ್ದೀರಿ. 1944ರಲ್ಲಿ ಇಲ್ಲದಿದ್ದ ಅಪರಾಧಕ್ಕೆ ಅವರನ್ನು ದಂಡಿಸಲಾಯಿತೆಂಬುದು ನಿಮ್ಮ ಮುಖ್ಯ ಆಕ್ಷೇಪ.

ಅವರ ಶೌರ್ಯದ ಬಗ್ಗೆ ನನಗೆ ತಕರಾರಿಲ್ಲ. 1943ರ ಜೂನ್‌ನಲ್ಲಿ, ಇಪ್ಪತ್ತರ ಹರೆಯದಲ್ಲಿ, ಲಾಟ್ವಿಯಾದ ಗಡಿಗೆ ಹತ್ತಿರದ ಬೆಲಾರುಸ್ ನೆಲಕ್ಕೆ ಪ್ಯಾರಾಚೂಟಿನಿಂದಿಳಿದು, ಸೋವಿಯತ್ ಪರವಾದ ಕೆಂಪು ಗೆರಿಲ್ಲಾ ದಳ ಸೇರಿ, ಜರ್ಮನ್ ಸೇನಾ ರೈಲುಗಳನ್ನು ಹಳಿ ತಪ್ಪಿಸಿದವರು ಅವರು. ಯುದ್ಧ ಮುಗಿದ ಮೇಲೆ ಸೋವಿಯತ್ ಪೊಲೀಸ್ ಪಡೆಯಲ್ಲಿ ಅಧಿಕಾರಿಯಾಗಿ 1988ರಲ್ಲಿ ನಿವೃತ್ತರಾದರು.

ನ್ಯಾಯಾಲಯ ಕೈಗೆತ್ತಿಕೊಂಡದ್ದು ಮಾತ್ರ 1944ರ ಮೇ 27ರ ಒಂದೇ ದಿನವನ್ನು. ಆ ಫೆಬ್ರವರಿಯಲ್ಲಿ ಲಾಟ್ವಿಯಾದ ಮಾಜಿಯೆ ಬಾತಿ ಎಂಬ ಹಳ್ಳಿಯ ಕಣಜದಲ್ಲಿ ಅಡಗಿದ್ದ ಗೆರಿಲ್ಲಾಗಳನ್ನು ಜರ್ಮನ್ನರು ಕೊಂದಿದ್ದರು; ಹಳ್ಳಿಗರೇ ಸುಳಿವು ಕೊಟ್ಟರೆಂಬ ಗುಮಾನಿಯಿಂದ ಕೊನೊನೊವ್ ಅವರ ತುಕಡಿ ಜರ್ಮನ್ ಸಮವಸ್ತ್ರ ತೊಟ್ಟು ಅಲ್ಲಿಗೆ ಹೊಕ್ಕಿತು. ಒಂಬತ್ತು ಜನ ಸತ್ತರು, ಕೆಲವರು ಉರಿಯುವ ಮನೆಗಳೊಳಗೇ. ಸತ್ತ ಮೂವರು ಹೆಂಗಸರಲ್ಲಿ ಒಬ್ಬಾಕೆ ತುಂಬು ಗರ್ಭಿಣಿ. ಆ ಹಳ್ಳಿಯವರು ತನ್ನನ್ನು ಬಾಲ್ಯದಿಂದ ಬಲ್ಲವರು, ಆದ್ದರಿಂದ ಅಂದು ತಾನು ನಾಯಕತ್ವ ವಹಿಸಲಿಲ್ಲ, ಊರೊಳಗೆ ಕಾಲಿಡಲೂ ಇಲ್ಲ ಎಂದು ಕೊನೊನೊವ್ ವಾದಿಸಿದರು; ಲಾಟ್ವಿಯಾದ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ನಿಮ್ಮ ಆಕ್ಷೇಪ ಹಗುರವಾದದ್ದಲ್ಲ. 2000ದಲ್ಲಿ ವಿಧಿಸಿದ ಆರು ವರ್ಷಗಳ ಶಿಕ್ಷೆ ರದ್ದಾಗಿ, 2003ರಲ್ಲಿ ಯುದ್ಧಾಪರಾಧದ ಆರೋಪವೂ ಬಿದ್ದುಹೋಗಿ, 2004ರಲ್ಲಿ ಅವರು ಮತ್ತೆ ತಪ್ಪಿತಸ್ಥರೆನಿಸಿದರು. 2008ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಪೀಠವೊಂದು ನಾಲ್ಕಕ್ಕೆ ಮೂರು ಮತಗಳಿಂದ ನಿಮ್ಮ ಮಾತನ್ನೇ ಎತ್ತಿಹಿಡಿಯಿತು. ಆದರೆ 2010ರ ಮೇ 17ರಂದು ಮಹಾಪೀಠ 14ಕ್ಕೆ 3 ಮತಗಳಿಂದ ಅದನ್ನು ತಿರಸ್ಕರಿಸಿತು. ಯುದ್ಧದ ರೀತಿನೀತಿ ಕುರಿತ 1907ರ ಅಂತರರಾಷ್ಟ್ರೀಯ ಹೇಗ್ ನಿಯಮಗಳೂ ಯುದ್ಧದ ರೂಢಿಗತ ಕಾನೂನೂ ಆಗಲೇ ಜಾರಿಯಲ್ಲಿದ್ದವು; ಹಳ್ಳಿಗರಿಗೆ ಜರ್ಮನ್ನರು ಬಂದೂಕು ಕೊಟ್ಟಿದ್ದರೂ, ಅವರು ಹೋರಾಡದೆ ಕೈಗೆ ಸಿಕ್ಕಿದ್ದಾಗ ಸೆರೆಹಿಡಿಯಬಹುದಿತ್ತೇ ಹೊರತು ಕೊಲ್ಲುವಂತಿರಲಿಲ್ಲ ಎಂಬ ಆ ತರ್ಕ ನನಗೆ ಸರಿಯೆನಿಸುತ್ತದೆ.

ಹಿಟ್ಲರನ ಎಸ್‌ಎಸ್ ಪಡೆಯಲ್ಲಿದ್ದ ಲಾಟ್ವಿಯನ್ನರ ನೆನಪಿಗೆ ಮಾರ್ಚ್ 16ರಂದು ರೀಗಾದಲ್ಲಿ ನಡೆದುಬಂದ ಮೆರವಣಿಗೆ ನಿಮ್ಮಂತೆ ನನ್ನನ್ನೂ ನೋಯಿಸುತ್ತದೆ. ಅದನ್ನು ನೆನೆದಾಗ ನಿಮ್ಮ ಸಂಶಯ ಸಹಜವೇ. ಆದರೂ ಕೊನೊನೊವ್ ಅವರಿಗೆ ಕೊನೆಗೆ ಉಳಿದ ಶಿಕ್ಷೆ ಒಂದು ವರ್ಷ ಎಂಟು ತಿಂಗಳು, ಅದೂ ವಿಚಾರಣಾಧೀನ ಸೆರೆಯಲ್ಲೇ ಕಳೆದುಹೋಗಿತ್ತು. ಮುಪ್ಪನ್ನೂ ಅನಾರೋಗ್ಯವನ್ನೂ ಗಮನಿಸಿ ಅಷ್ಟಕ್ಕೇ ನಿಲ್ಲಿಸಿದ ತೀರ್ಪನ್ನು ಸೇಡೆಂದು ಕರೆಯಲು ನನಗೆ ಮನಸ್ಸಾಗದು.

— ಸಂಪಾದಕ