ಕಂಪ್ಯೂಟರ್ ಕಟ್ಟೆ: ಕರ್ನೆಲ್ ಸತ್ತರೂ ನಿಲ್ಲದ ಗಡಿಯಾರ

ಪ್ರಶ್ನೆ: ಸರ್, ನಮಸ್ಕಾರ. ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ವೇಬ್ರಿಡ್ಜ್ ತೂಕ, ಲಾರಿ ಲೆಕ್ಕ, ಬಿಲ್ಲು ಎಲ್ಲ ಒಂದೇ ಲಿನಕ್ಸ್ ಸರ್ವರ್ ಮೇಲೆ. 32 ಜಿಬಿ ರ್ಯಾಮ್, ಹಳೆಯ ಹಾರ್ಡ್ ಡಿಸ್ಕ್. ವಾರಕ್ಕೊಮ್ಮೆ ಕರ್ನೆಲ್ ಪ್ಯಾನಿಕ್ ಆಗುತ್ತದೆ, ಅಂದರೆ ಲಿನಕ್ಸಿನ ತಿರುಳಾದ ಕರ್ನೆಲ್ಲೇ ಕೆಟ್ಟು ನಿಂತುಬಿಡುತ್ತದೆ. ಕಾರಣ ಸಿಗಲಿ ಅಂತ, ಆ ಹೊತ್ತಿನ ಮೆಮೊರಿಯ ನಕಲನ್ನು (ಡಂಪ್) ಡಿಸ್ಕಿಗೆ ಬರೆದಿಡುವ ಕೆಡಂಪ್ ಹಾಕಿದೆ. ಆದರೆ ಡಂಪ್ ಅರ್ಧ ಬರೆಯುವಷ್ಟರಲ್ಲಿ ಮಷೀನ್ ರೀಸ್ಟಾರ್ಟ್ ಆಗಿಬಿಡುತ್ತದೆ. ಸಿಗುವುದು 'ವಿಎಂಕೋರ್-ಇನ್‌ಕಂಪ್ಲೀಟ್' ಅನ್ನೋ ಫೈಲ್ ಮಾತ್ರ. ನಾನೇ ಮೂರು ಸಲ ಬೇಕಂತಲೇ ಕ್ರ್ಯಾಶ್ ಮಾಡಿ ಮೊಬೈಲ್ ಸ್ಟಾಪ್‌ವಾಚ್ ಹಿಡಿದೆ. ಒಮ್ಮೆ 38 ಸೆಕೆಂಡಿಗೆ ಸ್ಕ್ರೀನ್ ಕಪ್ಪಾಯಿತು, ಒಮ್ಮೆ 55ಕ್ಕೆ, ಒಮ್ಮೆ 47ಕ್ಕೆ. ಎನ್‌ಎಂಐ ವಾಚ್‌ಡಾಗ್ ಆಫ್ ಮಾಡಿದೆ. ಪ್ಯಾನಿಕ್ ಆದ ಎಷ್ಟು ಸೆಕೆಂಡಿಗೆ ರೀಸ್ಟಾರ್ಟ್ ಆಗಬೇಕು ಅಂತ ಹೇಳುವ 'ಕರ್ನೆಲ್ ಡಾಟ್ ಪ್ಯಾನಿಕ್' ಸೆಟ್ಟಿಂಗನ್ನು ಸೊನ್ನೆ ಮಾಡಿದೆ. ಏನೂ ಬದಲಾಗಲಿಲ್ಲ. ಡಿಸ್ಕ್ ಬದಲಿಸಲು ಮಾಲೀಕರು ಒಪ್ಪುತ್ತಿಲ್ಲ. ಏನು ಮಾಡಲಿ? ಸೆಟ್ಟಿಂಗ್ ಫೈಲುಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಮಾಲೀಕರು ಒಪ್ಪದೇ ಇದ್ದದ್ದು ಒಳ್ಳೆಯದೇ ಆಯಿತು. ಡಿಸ್ಕ್ ಬದಲಿಸಬೇಡಿ.

ಸ್ಟಾಪ್‌ವಾಚ್ ಹಿಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. 38, 55, 47. ನೋಡಿದರೆ ತಾಳತಂತಿ ಇಲ್ಲದ ಅಂಕಿಗಳು, ಅಲ್ವಾ? ನಿಮ್ಮ ಫೋಟೋದಲ್ಲಿ, ಲಿನಕ್ಸಿನ ಸರ್ವಿಸ್‌ಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿ ಪ್ರೋಗ್ರಾಮಿನ ಫೈಲಿನ ಒಂದು ಸಾಲು ನೋಡಿ: 'ರನ್‌ಟೈಮ್‌ವಾಚ್‌ಡಾಗ್‌ಸೆಕ್' ಅಂತ ಇದೆ, ಎದುರಿಗೆ 60. ಇದು ಮದರ್‌ಬೋರ್ಡ್ ಮೇಲಿನ ಹಾರ್ಡ್‌ವೇರ್ ವಾಚ್‌ಡಾಗ್ ಟೈಮರ್. 60ರಿಂದ ಕೆಳಗೆ ಎಣಿಸುತ್ತಾ ಹೋಗುತ್ತದೆ. ಸೊನ್ನೆಗೆ ಬಂದರೆ ಯಾರನ್ನೂ ಕೇಳದೆ ರೀಸೆಟ್ ಮಾಡುತ್ತದೆ. ಹಾಗಾಗಬಾರದು ಅಂತ ಸಿಸ್ಟಮ್‌ಡಿ ಆ ಅವಧಿಯ ಅರ್ಧಕ್ಕೊಮ್ಮೆ, ಅಂದರೆ 30 ಸೆಕೆಂಡಿಗೊಮ್ಮೆ, ಅದಕ್ಕೆ ಒಂದು ಕಿಕ್ ಕೊಡುತ್ತದೆ. ಎಣಿಕೆ ಮತ್ತೆ 60ರಿಂದ ಶುರು.

ಈಗ ಲೆಕ್ಕ ಹಾಕಿ. ಕಿಕ್ ಕೊಟ್ಟ ಮರುಕ್ಷಣ ಕರ್ನೆಲ್ ಸತ್ತರೆ ನಿಮಗೆ ಪೂರ್ತಿ 60 ಸೆಕೆಂಡ್ ಸಿಗುತ್ತದೆ. ಮುಂದಿನ ಕಿಕ್ ಇನ್ನೇನು ಕೊಡಬೇಕು ಅನ್ನುವಾಗ ಸತ್ತರೆ ಬರೀ 30. ನಿಮ್ಮ ಮೂರೂ ಅಂಕಿ 30 ಮತ್ತು 60ರ ನಡುವೆಯೇ ಇವೆ. ಕೆಟ್ಟ ಡಿಸ್ಕ್ ಇಷ್ಟು ನಿಯತ್ತಾಗಿ ನಡೆದುಕೊಳ್ಳುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹತ್ತು ವರ್ಷದ ಹಿಂದೆ ರಾಯಚೂರಿನಲ್ಲೇ ಒಂದು ಹತ್ತಿ ವ್ಯಾಪಾರದ ಆಫೀಸಿನಲ್ಲಿ ಇದೇ ತೊಂದರೆ. ರೀಸ್ಟಾರ್ಟ್ ಆಗುವ ಹೊತ್ತು ಪ್ರತಿ ಸಲ ಬೇರೆ ಬೇರೆ. ಹಾಗಾಗಿ 'ಇದು ಹಾರ್ಡ್‌ವೇರೇ' ಅಂತ ತೀರ್ಮಾನಿಸಿಬಿಟ್ಟೆ. ರ್ಯಾಮ್ ಎರಡು ಸಲ ಬದಲಿಸಿದೆ. ಡಿಸ್ಕ್ ಒಂದು ಸಲ. ಏಪ್ರಿಲ್ ತಿಂಗಳ ರಾಯಚೂರು ಬಿಸಿಲು, ಪವರ್ ಸಪ್ಲೈ ಕಾದಿರಬೇಕು ಅಂತ ಎದುರಿಗೆ ಟೇಬಲ್ ಫ್ಯಾನ್ ಕೂಡ ಇಟ್ಟೆ! ಮೂರು ವಾರ ಹೋಯಿತು. ಕೊನೆಗೆ ಅಲ್ಲಿನ ಗುಮಾಸ್ತರೊಬ್ಬರು ಚೀಟಿ ಮೇಲೆ ಬರೆದಿಟ್ಟಿದ್ದ ಸೆಕೆಂಡುಗಳನ್ನು ಸಾಲಾಗಿ ನೋಡಿದಾಗ ಹೊಳೆಯಿತು, ಒಂದು ಅಂಕಿಯೂ 60 ದಾಟಿಲ್ಲ. ಎರಡನೇ ರ್ಯಾಮಿನ ದುಡ್ಡು ನಾನು ಕೇಳಲಿಲ್ಲ.

ಕರ್ನೆಲ್ ಸತ್ತ ಮೇಲೂ ಟೈಮರ್ ಯಾಕೆ ಓಡುತ್ತದೆ? ನಿಮ್ಮ ಮಿಲ್ಲಿನ ರಾತ್ರಿ ಕಾವಲುಗಾರನನ್ನೇ ತೆಗೆದುಕೊಳ್ಳಿ. ಗಂಟೆಗೊಮ್ಮೆ ಕಬ್ಬಿಣದ ಪಟ್ಟಿ ಬಾರಿಸಬೇಕು. ಸದ್ದು ಕೇಳದಿದ್ದರೆ ಮಾಲೀಕರು ಎದ್ದು ಬರುತ್ತಾರೆ. ಒಂದು ರಾತ್ರಿ ಕಾವಲುಗಾರ ಬಿದ್ದುಹೋದ. ಪೊಲೀಸರು ಬಂದು ಪಂಚನಾಮೆ ಬರೆಯುತ್ತಿದ್ದಾರೆ. ಅಷ್ಟರಲ್ಲಿ ಮಾಲೀಕರು ಬಂದು, ಎಲ್ಲರನ್ನೂ ಹೊರಗೆ ಕಳಿಸಿ, ನೆಲ ತೊಳೆಸಿಬಿಟ್ಟರು. ಪಂಚನಾಮೆ ನಡೆಯುತ್ತಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಆಗುವುದೂ ಅದೇ.

ಕೆಡಂಪ್ ಕೆಲಸ ಮಾಡುವ ರೀತಿಯಲ್ಲೇ ಇದಕ್ಕೆ ಕಾರಣ ಇದೆ. ಬೂಟ್ ಆಗುವಾಗಲೇ 'ಕ್ರ್ಯಾಶ್‌ಕರ್ನೆಲ್' ಅಂತ ಒಂದಿಷ್ಟು ಮೆಮೊರಿ ಎತ್ತಿಟ್ಟು, ಅದರಲ್ಲಿ ಎರಡನೇ ಕರ್ನೆಲ್ ಒಂದನ್ನು ಮಲಗಿಸಿರುತ್ತಾರೆ. ಮೊದಲನೆಯದು ಪ್ಯಾನಿಕ್ ಆದರೆ ಸೀದಾ ಎರಡನೆಯದಕ್ಕೆ ಜಿಗಿತ. ಮಷೀನ್ ಆನ್ ಆದಾಗ ಮೊದಲು ಓಡುವ ಬಯಾಸ್ ನಡುವೆ ಬರುವುದಿಲ್ಲ. ಬಂದರೆ ರ್ಯಾಮಿನಲ್ಲಿರುವ ಸಾಕ್ಷಿ ಉಳಿಯುವ ಖಾತ್ರಿ ಇಲ್ಲ. ಆದರೆ ಬಯಾಸ್ ಬಾರದ ಕಾರಣ ವಾಚ್‌ಡಾಗ್ ಚಿಪ್ಪನ್ನೂ ಯಾರೂ ಮುಟ್ಟುವುದಿಲ್ಲ. ಹಳೆಯ ಎಣಿಕೆ ಹಾಗೇ ಮುಂದುವರಿಯುತ್ತದೆ. ಎರಡನೇ ಕರ್ನೆಲ್‌ಗೆ ಆ ಚಿಪ್ಪಿನ ಡ್ರೈವರ್ ಕೊಟ್ಟಿಲ್ಲದಿದ್ದರೆ ಅಂಥದ್ದೊಂದು ಓಡುತ್ತಿದೆ ಅನ್ನುವುದೇ ಅದಕ್ಕೆ ಗೊತ್ತಾಗುವುದಿಲ್ಲ.

ನೀವು ಆಫ್ ಮಾಡಿದ ಎನ್‌ಎಂಐ ವಾಚ್‌ಡಾಗ್ ಬೇರೆ ನಾಯಿ. ಸಿಪಿಯು ಎಲ್ಲಾದರೂ ಸಿಕ್ಕಿಕೊಂಡಿದೆಯಾ ಅಂತ ಕರ್ನೆಲ್ ತನ್ನೊಳಗೇ ಇಟ್ಟುಕೊಂಡ ಕಾವಲು ಅದು. ಕರ್ನೆಲ್ ಜೊತೆಗೇ ಅದೂ ಹೋಗುತ್ತದೆ. ಸುಮ್ನೆ ಆಫ್ ಮಾಡಿದ್ದೀರಿ, ಮತ್ತೆ ಆನ್ ಮಾಡಿ. 'ಕರ್ನೆಲ್ ಡಾಟ್ ಪ್ಯಾನಿಕ್' ಅಂಕಿಗೂ ಇಲ್ಲಿ ಕೆಲಸ ಇಲ್ಲ. ಕೆಡಂಪ್ ಇದ್ದರೆ ಕರ್ನೆಲ್ ಆ ಸಾಲಿನವರೆಗೆ ಬರುವ ಮೊದಲೇ ಜಿಗಿದಿರುತ್ತದೆ.

ಇನ್ನು ರಿಪೇರಿ. ಮೊದಲು 'ಡಬ್ಲ್ಯೂಡಿ-ಸಿಟಿಎಲ್' ಕಮಾಂಡ್ ಕೊಟ್ಟು ಯಾವ ವಾಚ್‌ಡಾಗ್, ಎಷ್ಟು ಸೆಕೆಂಡ್ ಅಂತ ನೋಡಿ. ನಿಮ್ಮದು ಇಂಟೆಲ್ ಬೋರ್ಡ್, ಬಹುಶಃ 'ಐಟಿಸಿಓ' ಡ್ರೈವರ್ ಇರುತ್ತದೆ. ಆಮೇಲೆ 'ಎಲ್‌ಎಸ್-ಇನಿಟ್‌ಆರ್‌ಡಿ' ಕಮಾಂಡಿನಿಂದ ಕೆಡಂಪ್ ಇಮೇಜನ್ನು (ಎರಡನೇ ಕರ್ನೆಲ್ ಬೂಟ್ ಆಗಲು ಬಳಸುವ ಫೈಲು) ಬಿಚ್ಚಿ, ಅದೇ ಡ್ರೈವರ್ ಒಳಗಿದೆಯಾ ನೋಡಿ. ಮಾಮೂಲಿ ಬೂಟ್ ಇಮೇಜನ್ನಲ್ಲ, ಕೆಡಂಪ್ ಇಮೇಜನ್ನು. ಇಲ್ಲಿ ಎಡವುವವರೇ ಜಾಸ್ತಿ. ಇಲ್ಲದಿದ್ದರೆ ಕೆಡಂಪ್ ಕಾನ್ಫ್ ಫೈಲಿನ 'ಎಕ್ಸ್‌ಟ್ರಾ ಮಾಡ್ಯೂಲ್ಸ್' ಸಾಲಿಗೆ ಅದರ ಹೆಸರು ಸೇರಿಸಿ, ಕೆಡಂಪ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಇಮೇಜ್ ಹೊಸದಾಗಿ ತಯಾರಾಗುತ್ತದೆ. ಎರಡನೇ ಕರ್ನೆಲ್‌ನಲ್ಲಿ ಡ್ರೈವರ್ ಲೋಡ್ ಆದ ಕೂಡಲೇ ಟೈಮರ್ ಓಡುತ್ತಿರುವುದು ಅದಕ್ಕೆ ಕಾಣುತ್ತದೆ. ಕೆಲವು ಡ್ರೈವರ್ ಅದನ್ನು ನಿಲ್ಲಿಸುತ್ತವೆ. ಉಳಿದವು ಓಡುತ್ತಿದೆ ಅಂತ ತಿಳಿಸುತ್ತವೆ, ಆಗ ಕರ್ನೆಲ್ಲೇ ಕಿಕ್ ಕೊಡುತ್ತಾ ಇರುತ್ತದೆ.

ಡ್ರೈವರ್ ಲೋಡ್ ಆಗುವವರೆಗಾದರೂ ಟೈಮರ್ ತಡೆಯಬೇಕಲ್ಲ. 60 ಅಂತ ಬರೆದರೆ ಗ್ಯಾರಂಟಿ 30 ಮಾತ್ರ ಅಂತ ಈಗ ಗೊತ್ತಾಯಿತು. 180 ಮಾಡಿ, 90 ಸಿಗುತ್ತದೆ. ಸರ್ವರ್ ನಿಜಕ್ಕೂ ಗಪ್ಪಾದ ದಿನ ವೇಬ್ರಿಡ್ಜ್ ಮುಂದೆ ಲಾರಿ ಮೂರು ನಿಮಿಷ ಕಾಯುತ್ತದೆ. ಕಾಯಲಿ. ಡ್ರೈವರ್ ಒಂದು ಬೀಡಿ ಸೇದಿಕೊಳ್ಳುತ್ತಾನೆ.

ಇನ್ನೊಂದು. ಡಂಪ್ ಬರೆಯುವ ಮೇಕ್‌ಡಂಪ್‌ಫೈಲ್ ಪ್ರೋಗ್ರಾಮಿನ ಸಾಲಿನಲ್ಲಿ 'ಮೈನಸ್ ಡಿ 1' ಹಾಕಿದ್ದೀರಿ. ಅದು ಬರೀ ಸೊನ್ನೆ ತುಂಬಿದ ಮೆಮೊರಿ ಪುಟಗಳನ್ನು ಬಿಡುತ್ತದೆ, ಉಳಿದದ್ದೆಲ್ಲ ಬರೆಯುತ್ತದೆ. 32 ಜಿಬಿಯಲ್ಲಿ ಬಹುಪಾಲು ತುಂಬಿದ್ದರೆ, ಸೆಕೆಂಡಿಗೆ 100 ಎಂಬಿ ಬರೆಯುವ ಡಿಸ್ಕಿಗೆ ಐದು ನಿಮಿಷ ಬೇಕು. '31' ಮಾಡಿ. ಕ್ಯಾಶ್, ಖಾಲಿ ಪುಟ, ಪ್ರೋಗ್ರಾಂಗಳ ಸ್ವಂತ ಪುಟ ಎಲ್ಲ ಬಿಟ್ಟುಹೋಗುತ್ತವೆ. ಕರ್ನೆಲ್ ಸಾವಿನ ಕಾರಣ ಹುಡುಕಲು ಅವು ಸಾಮಾನ್ಯವಾಗಿ ಬೇಡ.

ಎಲ್ಲ ಆದ ಮೇಲೆ ಮತ್ತೆ ಬೇಕಂತಲೇ ಕ್ರ್ಯಾಶ್ ಮಾಡಿ, ಸ್ಟಾಪ್‌ವಾಚ್ ಹಿಡಿಯಿರಿ. ಅಮಾವಾಸ್ಯೆ ದಿನ ಮಾಡಿ, ಹಮಾಲರು ಬರುವುದಿಲ್ಲ, ಲಾರಿಯೂ ಇರುವುದಿಲ್ಲ. ಡೇಟಾಬೇಸ್ ನಿಲ್ಲಿಸಿಯೇ ಮಾಡಿ. 'ಇನ್‌ಕಂಪ್ಲೀಟ್' ಅನ್ನೋ ಬಾಲ ಹೋಗಿ ಬರೀ 'ವಿಎಂಕೋರ್' ಅಂತ ಫೈಲ್ ಸಿಕ್ಕರೆ ನನಗೊಂದು ಕಾರ್ಡ್ ಬರೆಯಿರಿ.

ಪ್ರಶ್ನೆ: ನಾನು ತೋರಣಗಲ್ಲಿನವನು. ನಮ್ಮ ಸರ್ವರ್‌ನಲ್ಲಿ ಐಪಿಎಂಐ ವಾಚ್‌ಡಾಗ್ ಇದೆ, ಅಂದರೆ ಬೋರ್ಡ್ ಮೇಲಿನ ಬಿಎಂಸಿ ಅನ್ನೋ ಉಸ್ತುವಾರಿ ಚಿಪ್ಪು ನಡೆಸುವಂಥದ್ದು. ಪ್ಯಾನಿಕ್ ಆದರೆ ಅದು ತಾನೇ 255 ಸೆಕೆಂಡಿಗೆ ಸಮಯ ಹೆಚ್ಚಿಸಿಕೊಳ್ಳುತ್ತದೆ ಎಂದು ಓದಿದ್ದೆ. ನಮ್ಮಲ್ಲಿ ಹಾಗಾಗುತ್ತಿಲ್ಲ.

ಉತ್ತರ: ನೀವು ಓದಿದ್ದು ನಿಜ. ಲಿನಕ್ಸ್ ಡ್ರೈವರ್‌ನಲ್ಲಿ ಆ ಕೋಡ್ ಇದೆ. ಆದರೆ ಅದು ಪ್ಯಾನಿಕ್ ನೋಟಿಫೈಯರ್ ಸಾಲಿನಲ್ಲಿ, ಅಂದರೆ ಪ್ಯಾನಿಕ್ ಆದಾಗ ಕರ್ನೆಲ್ ಒಂದೊಂದಾಗಿ ಮಾಡುವ ಕೆಲಸಗಳ ಪಟ್ಟಿಯಲ್ಲಿ, ನಿಂತಿದೆ. ಕೆಡಂಪ್ ಸಿದ್ಧವಾಗಿದ್ದರೆ ಆ ಸಾಲಿಗೆ ಮೊದಲೇ ಎರಡನೇ ಕರ್ನೆಲ್‌ಗೆ ಜಿಗಿತ ಆಗುತ್ತದೆ. 'ಕ್ರ್ಯಾಶ್ ಕೆಕ್ಸೆಕ್ ಪೋಸ್ಟ್ ನೋಟಿಫೈಯರ್ಸ್' ಅನ್ನೋ ಬೂಟ್ ಸೆಟ್ಟಿಂಗ್ ಕೊಟ್ಟರೆ ನೋಟಿಫೈಯರ್ ಮೊದಲು ಓಡುತ್ತದೆ. ನಾನಂತೂ ಕೊಡುವುದಿಲ್ಲ. ಸಾಯುತ್ತಿರುವ ಕರ್ನೆಲ್ ಕೈಯಲ್ಲಿ ಇನ್ನಷ್ಟು ಕೆಲಸ ಮಾಡಿಸಲು ಹೋದರೆ ಡಂಪೇ ಸಿಗದೆ ಹೋಗಬಹುದು. ಟೆಸ್ಟ್ ಮಾಡುವಾಗ ಬೇರೆ ಮಷೀನಿನಿಂದ 'ಐಪಿಎಂಐ-ಟೂಲ್' ಬಳಸಿ ಬಿಎಂಸಿಯ ವಾಚ್‌ಡಾಗ್ ಆಫ್ ಮಾಡಿ ನೋಡಿ. ಆಗ ಡಂಪ್ ಪೂರ್ತಿ ಬಂದರೆ ಕಳ್ಳ ಸಿಕ್ಕ ಹಾಗೆ. ಕಾಯಂ ಆಗಿ ಆಫ್ ಇಡಬೇಡಿ, ಗಂಗಾವತಿಯವರಿಗೆ ಹೇಳಿದ ಡ್ರೈವರ್ ದಾರಿಯೇ ನಿಮಗೂ.

ಪ್ರಶ್ನೆ: ವಾಚ್‌ಡಾಗ್ ಪ್ರೋಗ್ರಾಂ ಕಿಲ್ ಮಾಡಿದರೆ ಲ್ಯಾಬಿನ ಮಷೀನ್ ರೀಸೆಟ್ ಆಗುತ್ತದೆ. ಯಾಕೆ? (ವಿದ್ಯಾರ್ಥಿ, ಕೊಪ್ಪಳ)

ಉತ್ತರ: ಆಗಬೇಕಾದದ್ದೇ ಅದು. ಹೆಚ್ಚಿನ ಡ್ರೈವರ್‌ಗಳಲ್ಲಿ, ಪ್ರೋಗ್ರಾಂ ವಾಚ್‌ಡಾಗ್ ಡಿವೈಸ್ ಫೈಲನ್ನು ಮುಚ್ಚುವ ಮೊದಲು ಅದಕ್ಕೆ ಇಂಗ್ಲಿಷಿನ ದೊಡ್ಡಕ್ಷರದ 'ವಿ' ಬರೆದರೆ ಮಾತ್ರ ಟೈಮರ್ ನಿಲ್ಲುತ್ತದೆ. 'ನೋ ವೇ ಔಟ್' ಸೆಟ್ಟಿಂಗ್ ಇದ್ದರೆ ಅದಕ್ಕೂ ನಿಲ್ಲುವುದಿಲ್ಲ. ಪರೀಕ್ಷೆ ದಿನ ಮಾತ್ರ ಇದನ್ನು ಮಾಡಿ ನೋಡಬೇಡಿ, ಮೇಷ್ಟ್ರು ಬೈದರೆ ನನ್ನ ಹೆಸರು ಹೇಳಬೇಡಿ.