ಬೆಟ್ಟಕ್ಕೆ ಬೆಂಕಿ: ಅಜ್ಜನ ಕಾಲದ ಪದ್ಧತಿ ಈಗ ನಡೆಯುತ್ತದಾ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ, ಅದರ ಮೇಲ್ಗಡೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಕಾಡು) ಇದೆ. ಹೋದ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿದ್ದ ಬೆಂಕಿ ತೋಟದ ಅಂಚಿನವರೆಗೂ ಬಂತು. ‘ನಮ್ಮ ಕಾಲದಲ್ಲಿ ಇಷ್ಟು ದೊಡ್ಡ ಬೆಂಕಿ ಇರಲಿಲ್ಲ, ಚಳಿಯಲ್ಲೇ ಒಂದಿಷ್ಟು ಸುಟ್ಟುಬಿಡುತ್ತಿದ್ದೆವು’ ಅಂತಾರೆ ಅಜ್ಜ. ನಾವೂ ಹಾಗೆ ಮಾಡಬಹುದಾ?

ಉತ್ತರ: ಸುಡಬೇಡಿ. ಆದರೆ ಅಜ್ಜನ ಹತ್ತಿರ ಕೂತು ಇನ್ನೂ ಸ್ವಲ್ಪ ಕೇಳಿ. ಆಗ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಎಷ್ಟು ಉಳಿಯುತ್ತಿತ್ತು ಅಂತ ಕೇಳಿ. ಉತ್ತರ ಅಲ್ಲೇ ಇದೆ.

1950ರ ದಶಕದ ಮಲೆನಾಡಿನ ಮನೆ ನೆನೆಸಿಕೊಳ್ಳಿ. ಕೊಟ್ಟಿಗೆ ತುಂಬ ದನ. ರಸಗೊಬ್ಬರ ಇನ್ನೂ ಅಷ್ಟಾಗಿ ಬಳಕೆಗೆ ಬಂದಿರಲಿಲ್ಲ. ತೋಟಕ್ಕೆ ಬೇಕಾದ ಗೊಬ್ಬರವೆಲ್ಲ ಕೊಟ್ಟಿಗೆಯಲ್ಲೇ ಆಗಬೇಕು. ಮಳೆಗಾಲದಲ್ಲಿ ದನದ ಕಾಲಡಿಗೆ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು. ಬ್ರಿಟಿಷರ ಕಾಲದಲ್ಲೇ ಘಟ್ಟದ ಮೇಲಿನ ತೋಟಿಗರಿಗೆ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಸಿಕ್ಕಿದ್ದು ಇದೇ ಕಾರಣಕ್ಕೆ.

ಹಾಗಾಗಿ ಮತ್ತಿ, ನಂದಿ, ಕಿಂದಲ ಮರಗಳು ಎಲೆ ಉದುರಿಸಲು ಶುರು ಮಾಡಿದರೆ ಸಾಕು, ಮನೆಮಂದಿಯೆಲ್ಲ ಬೆಟ್ಟಕ್ಕೆ. ಇಬ್ಬನಿ ಆರುವ ಮೊದಲೇ ಗುಡಿಸಬೇಕು. ಬಿಸಿಲೇರಿದರೆ ಎಲೆ ಪುಡಿಯಾಗಿ ಕೈಗೆ ಸಿಗುವುದಿಲ್ಲ. ರಾಶಿ ಮಾಡಿ, ಹಗ್ಗದ ಬಲೆಯಂಥ ಕಲ್ಲಿಯಲ್ಲಿ ಕಾಲಿಂದ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ತರುವುದು. ಹೆಂಗಸರ ಬೆನ್ನು ಮುರಿಯುವ ಕೆಲಸ ಅದು. ಅದನ್ನು ಸುಮ್ನೆ ಹೊಗಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಆ ದುಡಿಮೆಯಿಂದಲೇ ಶಿವರಾತ್ರಿ ಹೊತ್ತಿಗೆ ಬೆಟ್ಟದಲ್ಲಿ ಉರಿಯಲು ಜಾಸ್ತಿ ಏನೂ ಉಳಿಯುತ್ತಿರಲಿಲ್ಲ. ಕಟ್ಟಿಗೆ ಒಲೆಗೆ ಹೋಗುತ್ತಿತ್ತು. ಹುಲ್ಲನ್ನು ದನ ಮೇಯುತ್ತಿದ್ದವು. ಉಳಿದ ಚೂರಿಗೆ ಅಜ್ಜ ಕಡ್ಡಿ ಗೀರಿದರೆ ಮೊಣಕಾಲೆತ್ತರದ ಉರಿ, ಅಗಳದ (ಬೆಟ್ಟದ ಅಂಚಿನ ಕಂದಕದ) ಹತ್ತಿರ ಬಂದು ತಾನೇ ಆರುತ್ತಿತ್ತು.

ಈಗ ಕೊಟ್ಟಿಗೆಯಲ್ಲಿ ಎರಡು ದನ ಇದ್ದರೆ ಹೆಚ್ಚು. ಒಲೆಗೆ ಗ್ಯಾಸ್. ಆಳು ಸಿಗುವುದಿಲ್ಲ. ಎಷ್ಟೋ ಕಡೆ ಅಕೇಶಿಯಾ ಬೇರೆ ಬಂದಿದೆ. ಅದರ ಎಲೆ ಬೇಗ ಕೊಳೆಯುವುದಿಲ್ಲ, ಬೆಂಕಿ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ವರ್ಷಗಟ್ಟಲೆ ಕೂತ ದರಕಿಗೆ ಅದೇ ಕಡ್ಡಿ ಗೀರಿದರೆ ಉರಿ ಮರದ ಬುಡ ಬೇಯಿಸುತ್ತದೆ, ಸಸಿಗಳನ್ನು ಮುಗಿಸುತ್ತದೆ. ಮುಂದಿನ ಮಳೆಗೆ ಬೋಳು ಇಳಿಜಾರಿನ ಮೇಲ್ಮಣ್ಣು ಬೂದಿಯ ಜತೆ ನಿಮ್ಮ ತೋಟದ ಕಾಲುವೆಗೆ ಇಳಿಯುತ್ತದೆ. ಮೇಲಾಗಿ ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ನಿಮ್ಮ ಬೆಟ್ಟದಿಂದ ಕಿಡಿ ಆಚೆ ದಾಟಿದರೂ ತೊಂದರೆ ನಿಮಗೇ.

ಮಾಡಬೇಕಾದ್ದು ಇಷ್ಟು. ಸಂಕ್ರಾಂತಿಯೊಳಗೆ ತೋಟ ಮತ್ತು ಬೆಟ್ಟದ ನಡುವೆ 10–15 ಅಡಿ ಅಗಲ ಕೆರೆದು ಮಣ್ಣು ಕಾಣುವಂತೆ ಮಾಡಿ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಎಲೆ ಮಾರ್ಚ್‌ವರೆಗೂ ಉದುರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಆ ಪಟ್ಟಿ ಗುಡಿಸಲೇಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಗುಡಿಸಿದ ದರಕನ್ನು ಅಡಿಕೆ ಬುಡಕ್ಕೆ ಮುಚ್ಚಿಗೆ ಹಾಕಿ, ತೇವವೂ ಉಳಿಯುತ್ತದೆ. ಬೆಟ್ಟ ಪೂರ್ತಿ ಗುಡಿಸಲು ಆಗುವುದಿಲ್ಲ ಅಲ್ವಾ? ಬೇಕಾಗಿಯೂ ಇಲ್ಲ, ಮಣ್ಣಿಗೂ ಎಲೆ ಬೇಕು. ರಸ್ತೆ ಪಕ್ಕ, ಕಾಲುದಾರಿ ಪಕ್ಕ, ವಿದ್ಯುತ್ ತಂತಿ ಕೆಳಗೆ ಗುಡಿಸಿ. ಹಳೇ ಅಗಳ ಹೂತು ಹೋಗಿದ್ದರೆ ಎತ್ತಿಸಿ, ಮಳೆಗಾಲದಲ್ಲಿ ನೀರೂ ಇಂಗುತ್ತದೆ. ಅಡಿಕೆ ಸಿಪ್ಪೆಯ ರಾಶಿ ಬೆಟ್ಟದ ಅಂಚಿನಲ್ಲಿ ಬೇಡವೇ ಬೇಡ. ಅದಕ್ಕೆ ಕಿಡಿ ಬಿದ್ದರೆ ಮೇಲೆ ಏನೂ ಕಾಣದೆ ಒಳಗೊಳಗೇ ದಿನಗಟ್ಟಲೆ ಕನಲುತ್ತದೆ, ಗಾಳಿ ಬಂದಾಗ ಏಳುತ್ತದೆ.

ಬೆಂಕಿ ಕಂಡರೆ ಮೊದಲು 112ಕ್ಕೆ ಮತ್ತು ನಿಮ್ಮ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ಉರಿಯ ಮೇಲ್ಗಡೆ ಮಾತ್ರ ಯಾರೂ ನಿಲ್ಲಬಾರದು. ಬೆಂಕಿ ಇಳಿಯುವುದಕ್ಕಿಂತ ಏರುವುದು ತುಂಬಾ ಜೋರು. ಹಸಿ ಟೊಂಗೆಯಿಂದ ಬಡಿಯುವವರು ಸುಟ್ಟು ಆರಿದ ಜಾಗ ಬೆನ್ನಿಗೆ ಇರುವಂತೆ, ಪಕ್ಕದಿಂದ ಬಡಿಯಬೇಕು.

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಕಾಡಿಗೆ ತಾವೇ ಬೆಂಕಿ ಹಾಕುತ್ತಿದ್ದರಂತೆ. ಅದರಿಂದ ಕಾಡು ಉಳಿಯುತ್ತಿತ್ತು ಅನ್ನುತ್ತಾರೆ. ನಿಜವೇ? (ಯಳಂದೂರಿನ ಓದುಗರು)

ಉತ್ತರ: ಹಾಕುತ್ತಿದ್ದುದು ನಿಜ. ಅದಕ್ಕೆ ಅವರು ತರಗು ಬೆಂಕಿ ಅನ್ನುತ್ತಾರೆ. ಬೇಸಿಗೆ ಬಲಿಯುವ ಮೊದಲು, ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗ ಹಾಕುವ ಬೆಂಕಿ. ತರಗು ಸುಡುತ್ತದೆ, ಮರ ಉಳಿಯುತ್ತದೆ. ನೆಲ್ಲಿ ಮರದ ರಸ ಹೀರುವ ಉಪ್ಪಿಲು ಅನ್ನುವ ಬಂದಳಿಕೆ ಈ ಬೆಂಕಿಗೆ ಸಾಯುತ್ತದೆ, ಲಂಟಾನ ಅನ್ನುವ ಕಳೆ ಪೊದೆ ಹಬ್ಬುವುದಿಲ್ಲ ಅಂತ ಅವರ ಅನುಭವ. 1972ರ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಆಳೆತ್ತರ ಬೆಳೆದು ಕಾಡು ತುಂಬಿದ್ದು ಈಗ ಯಾರ ಕಣ್ಣಿಗಾದರೂ ಕಾಣುತ್ತದೆ. ಬೆಂಕಿ ನಿಂತದ್ದೊಂದೇ ಕಾರಣವಾ ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ಆದರೆ ಒಣಗಿದ ಲಂಟಾನ ಪೊದೆ ನೆಲದ ಉರಿಯನ್ನು ಏಣಿಯಂತೆ ಕೊಂಬೆಗೆ ಹತ್ತಿಸುತ್ತದೆ, ಅದರಲ್ಲಿ ಅನುಮಾನ ಇಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿತಲ್ಲ, ಅಲ್ಲೂ ಲಂಟಾನ ದಟ್ಟವಾಗಿತ್ತು.

ಈಗಿನ ಲಂಟಾನದ ನಡುವೆ ತರಗು ಬೆಂಕಿ ಹಾಕಿದರೆ ಅದು ತರಗಿಗೆ ನಿಲ್ಲುವುದಿಲ್ಲ. ಮೊದಲು ಲಂಟಾನ ಬೇರುಸಹಿತ ಕೀಳಬೇಕು. ಆಮೇಲೆ ಯಾವ ತಿಂಗಳು, ಯಾವ ಜಾಗ, ಎಷ್ಟು ಎಂಬುದನ್ನು ಸೋಲಿಗ ಹಿರಿಯರನ್ನು ಜತೆಗೆ ಕೂರಿಸಿಕೊಂಡೇ ಅರಣ್ಯ ಇಲಾಖೆ ತೀರ್ಮಾನಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಆ ಬೆಂಕಿಯನ್ನು ಕೈಯಾರೆ ಹಾಕಿ ಬಲ್ಲವರಿಗೆ ಈಗ ತುಂಬಾ ವಯಸ್ಸಾಗಿದೆ.