ನೆಟ್‌ನಲ್ಲಿ ಜೆಆರ್‌ಎಫ್ ಸಿಗದಿದ್ದರೆ ಪಿಎಚ್.ಡಿಗೆ ಫೆಲೋಶಿಪ್ ಇಲ್ಲವೇ?

ಪ್ರಶ್ನೆ: ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಯೊಂದರವಳು, ಜೇನುಕುರುಬ ಸಮುದಾಯಕ್ಕೆ ಸೇರಿದವಳು. ಪರಿಸರ ವಿಜ್ಞಾನದಲ್ಲಿ ಶೇ 58 ಅಂಕಗಳೊಂದಿಗೆ ಎಂ.ಎಸ್ಸಿ ಮುಗಿಸಿದ್ದೇನೆ. ಯುಜಿಸಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಎರಡು ಸಲ ಬರೆದರೂ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಗಲಿಲ್ಲ. ಅದಿಲ್ಲದೆ ಸರ್ಕಾರದ ನೆರವಿನಿಂದ ಪಿಎಚ್.ಡಿ ಮಾಡಬಹುದೇ? ನಮ್ಮ ಕಾಡನ್ನೇ ಸಂಶೋಧನೆಯ ವಿಷಯವಾಗಿ ತೆಗೆದುಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಬಹುದು. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್‌ಗಳನ್ನು ಕೊಡುತ್ತದೆ. ಇವುಗಳ ಆಯ್ಕೆ ನಡೆಯುವುದು ಸ್ನಾತಕೋತ್ತರ ಪದವಿಯ ಅಂಕಗಳ ಆಧಾರದ ಮೇಲೆಯೇ ಹೊರತು ನೆಟ್ ಫಲಿತಾಂಶದ ಮೇಲೆ ಅಲ್ಲ. ನಿಮ್ಮ ಪರಿಶಿಷ್ಟ ಜಾತಿಯ ಸಹಪಾಠಿಗಳಿಗೆ ಈ ಅನುಕೂಲವಿಲ್ಲ. ಅವರಿಗಾಗಿ ಇರುವ ವಾರ್ಷಿಕ 2,000 ಫೆಲೋಶಿಪ್‌ಗಳಿಗೆ ನೆಟ್ ಮೂಲಕವೇ ಹೋಗಬೇಕು. ಪರಿಸರ ವಿಜ್ಞಾನದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಿಷಯ ಗೊತ್ತಿದ್ದೂ ಹಿಂದೆ ಬೀಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಎರಡು ಸಲದ ಸೋಲನ್ನು ನಿಮ್ಮ ಯೋಗ್ಯತೆಯ ಅಳತೆ ಎಂದು ದಯವಿಟ್ಟು ಭಾವಿಸಬೇಡಿ.

ಇನ್ನೊಂದು ಮುಖ್ಯ ಸಂಗತಿ: ಕರ್ನಾಟಕದಲ್ಲಿ ಜೇನುಕುರುಬ ಮತ್ತು ಕೊರಗ ಸಮುದಾಯಗಳನ್ನು ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಗುಂಪುಗಳೆಂದು ಕೇಂದ್ರ ಸರ್ಕಾರ ಗುರುತಿಸಿದೆ. ಈ ಗುಂಪುಗಳಿಗೂ ಮಹಿಳೆಯರಿಗೂ ಫೆಲೋಶಿಪ್‌ನಲ್ಲಿ ಪ್ರತ್ಯೇಕ ಪಾಲು ಇದೆ. ಅರ್ಜಿಯಲ್ಲಿ ಬರೀ ‘ಪರಿಶಿಷ್ಟ ಪಂಗಡ’ ಎಂದು ತುಂಬಿ ಸುಮ್ಮನಾಗದೆ, ಈ ವಿವರವನ್ನೂ ನಮೂದಿಸಿ, ಜಾತಿ ಪ್ರಮಾಣಪತ್ರದಲ್ಲಿ ಸಮುದಾಯದ ಹೆಸರು ಸರಿಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಆದರೆ ಈ ಹಣ ಕೈಗೆ ಬರುವುದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣಾವಧಿ ಪಿಎಚ್.ಡಿಗೆ ಸೇರಿದ ಮೇಲೆಯೇ. ಆದ್ದರಿಂದ ಪ್ರವೇಶದ ಕಡೆಗೆ ಮೊದಲು ಗಮನ ಕೊಡಿ. ಯುಜಿಸಿಯ 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕಗಳಿರಬೇಕು, ಪರಿಶಿಷ್ಟರಿಗೆ ಇದರಲ್ಲಿ ಶೇ 5ರಷ್ಟು ಸಡಿಲಿಕೆ ಇದೆ. ನಿಮಗೆ ಅದರ ಅಗತ್ಯವೂ ಬೀಳುವುದಿಲ್ಲ. ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನಕ್ಕೆ, ಉಳಿದರ್ಧ ವಿಷಯಕ್ಕೆ ಸಂಬಂಧಿಸಿರುತ್ತವೆ. ಇದಲ್ಲದೆ 2024ರ ಜೂನ್ ಆವೃತ್ತಿಯಿಂದ ನೆಟ್‌ನಲ್ಲಿ ‘ಪಿಎಚ್.ಡಿ ಪ್ರವೇಶಕ್ಕೆ ಮಾತ್ರ ಅರ್ಹ’ ಎಂಬ ವರ್ಗವೂ ಸೇರಿದೆ. ನಿಮ್ಮ ಫಲಿತಾಂಶ ಆ ವರ್ಗದಲ್ಲಿದ್ದರೆ ಅದು ಒಂದು ವರ್ಷ ಊರ್ಜಿತದಲ್ಲಿರುತ್ತದೆ. ಅಂಕಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿ.

ಫೆಲೋಶಿಪ್ ಮೊತ್ತ ಯುಜಿಸಿ ದರದಂತೆಯೇ ಇದೆ: ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ, ಒಟ್ಟು ಐದು ವರ್ಷಗಳವರೆಗೆ. ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆಯೂ ಉಂಟು. ಜೀವನಕ್ಕೆ ಇದು ಸಾಕಾದೀತು, ಸಂಶೋಧನೆಯ ಖರ್ಚಿಗೆ ಸಾಲದು. ಸಾದಿಲ್ವಾರು (ಕಂಟಿಂಜೆನ್ಸಿ) ವೆಚ್ಚವೆಂದು ವಿಜ್ಞಾನ ವಿಷಯಗಳಿಗೆ ಮೊದಲೆರಡು ವರ್ಷ ಕೊಡುವುದು ವರ್ಷಕ್ಕೆ 12,000 ರೂಪಾಯಿ, ಅಂದರೆ ತಿಂಗಳಿಗೆ ಒಂದು ಸಾವಿರ. ಕ್ಷೇತ್ರಕಾರ್ಯಕ್ಕೆ ಓಡಾಡಿ, ನೀರು ಮತ್ತು ಮಣ್ಣಿನ ಮಾದರಿಗಳನ್ನು ತಂದು, ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವವರಿಗೆ ಇದು ಯಾವ ಮೂಲೆಗೂ ಸಾಲುವುದಿಲ್ಲ. ಈ ಕಾರಣಕ್ಕಾಗಿಯೇ ನಾನು ಒತ್ತಿ ಹೇಳುವುದು: ವಿಷಯಕ್ಕಿಂತ ಮೊದಲು ಮಾರ್ಗದರ್ಶಕರನ್ನು ಆರಿಸಿಕೊಳ್ಳಿ. ಸರ್ಕಾರ ಹಣ ಕೊಡುತ್ತದೆ; ಉಪಕರಣ ಬಳಸುವುದನ್ನು, ದತ್ತಾಂಶ ವಿಶ್ಲೇಷಿಸುವುದನ್ನು, ಪ್ರಬಂಧ ಬರೆಯುವುದನ್ನು ಕಲಿಸುವವರು ಮಾರ್ಗದರ್ಶಕರು. ಅವರ ಬಳಿ ನಡೆಯುತ್ತಿರುವ ಯೋಜನೆ ಇದೆಯೇ, ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು ಎಂಬುದನ್ನು ಆ ವಿದ್ಯಾರ್ಥಿಗಳನ್ನೇ ಕೇಳಿ ತಿಳಿಯಿರಿ. ಮೈಸೂರು, ಕುವೆಂಪು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಪರಿಸರ ವಿಜ್ಞಾನ ವಿಭಾಗಗಳ ಜೊತೆಗೆ ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಏಟ್ರಿ (ATREE) ಸಂಸ್ಥೆಯನ್ನೂ ವಿಚಾರಿಸಿ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗಿ ಬರುವುದೂ ಉಂಟು. ಮೊದಲ ಕೆಲವು ತಿಂಗಳಿಗೆ ಹಾಸ್ಟೆಲ್ಲಿನ ಆಸರೆ ಇರುವಂತೆ ನೋಡಿಕೊಳ್ಳುವುದು ಕ್ಷೇಮ.

ನಿಮ್ಮ ಕಾಡಿನ ಪ್ರಶ್ನೆಗೆ ಬರುತ್ತೇನೆ. ಈ ವಿಜ್ಞಾನಕ್ಕೆ ನಿಮ್ಮಂಥವರು ಬೇಕಾಗಿರುವುದೇ ಅಲ್ಲಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಎಂಬ ಕಳೆಗಿಡ ಹಬ್ಬಿದ್ದಕ್ಕೆ, ಹಿಂದೆ ಒಣ ತರಗೆಲೆಗೆ ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದೂ ಒಂದು ಕಾರಣವೆಂದು ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ಬಹುಕಾಲದಿಂದ ಹೇಳುತ್ತ ಬಂದಿದ್ದರು. ವಿಜ್ಞಾನಿಗಳು ಅದನ್ನು ಅಧ್ಯಯನದ ಪ್ರಶ್ನೆಯಾಗಿ ಕೈಗೆತ್ತಿಕೊಂಡದ್ದು ತಡವಾಗಿ. ಅಂಥ ಪ್ರಶ್ನೆಯನ್ನು ಹಾಡಿಯಲ್ಲಿ ಬೆಳೆದ ಸಂಶೋಧಕಿಯೇ ಕೇಳಿ, ಅಳೆದು, ಬರೆದರೆ ಅದರ ತೂಕವೇ ಬೇರೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ಅಧ್ಯಯನ ನಡೆಸಲು, ನೀವು ಅಲ್ಲಿಯವರೇ ಆಗಿದ್ದರೂ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಕೋರ್ಸ್‌ವರ್ಕ್ (ಪಿಎಚ್.ಡಿಯ ಆರಂಭದ ತರಗತಿಗಳು) ನಡೆಯುತ್ತಿರುವಾಗಲೇ ಸಂಸ್ಥೆಯ ಮೂಲಕ ಅರ್ಜಿ ಹಾಕಿ. ಅನುಮತಿ ಬರುವವರೆಗೆ ಉದ್ಯಾನದ ಗಡಿಯಾಚೆಗಿನ ಹಾಡಿಗಳ ಕುಡಿಯುವ ನೀರಿನ ಗುಣಮಟ್ಟದಂಥ ಪ್ರಾಥಮಿಕ ಅಧ್ಯಯನವನ್ನು ಆರಂಭಿಸಿದರೆ ಮೊದಲ ವರ್ಷ ವ್ಯರ್ಥವಾಗುವುದಿಲ್ಲ.